ನಾಲ್ಕು ಗಂಟೆಯ ಬೆನ್ನುನೋವು

ಆ ಮನೆಯಲ್ಲಿ ಕಾಯಿಲೆ ಬಿದ್ದವರಿಗೆ ಮಾತ್ರ ಬಿಡುವು. ಇದನ್ನು ಯಾರೂ ಕೂತು ಕಾನೂನು ಮಾಡಿರಲಿಲ್ಲ. ಮಾಡಲು ಕೂತಿದ್ದರೆ ಕೂತದ್ದೇಕೆ ಎಂದು ಮಾವ ಕೇಳುತ್ತಿದ್ದರು. ಲಾಂಡ್ರಿ ಅಂಗಡಿ ಹಾಕಿದವರು ಅವರೇ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಒಂದು ಮೆಟ್ಟಿಲು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತ ಎನ್ನುತ್ತಲೇ ಒಂದು ದಿನ ಇಸ್ತ್ರಿ ಮೇಜಿನ ಮುಂದೆ ನಿಂತಲ್ಲೇ ಕುಸಿದು ಹೋದರು. ಅವರು ಹೋದರೂ ಮಾತು ಮನೆ ಬಿಟ್ಟು ಹೋಗಲಿಲ್ಲ. ಮಗ ಅದನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ಮಾಡಿ ತೋರಿಸುತ್ತಿದ್ದ. ಬೆಳಗ್ಗೆ ಶಟರ್ ಎತ್ತಿದರೆ ರಾತ್ರಿ ಎಳೆಯುವ ತನಕ ಅವನ ಬೆನ್ನು ಕುರ್ಚಿಗೆ ತಾಗಿದ್ದನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಅಂಗಡಿಯಲ್ಲಿ ಕುರ್ಚಿ ಇತ್ತು, ಅದು ಗಿರಾಕಿಗಳಿಗೆ.

ಸೊಸೆಯನ್ನು ಬೀದಿಯವರೆಲ್ಲ ಲಾಂಡ್ರಿಯಮ್ಮ ಎನ್ನುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಒಂದೆರಡು ಸಲ ಎಲ್ಲಿಗಾದರೂ ಹೋಗಿ ಬರೋಣವೇ ಎಂದು ಕೇಳಿದ್ದುಂಟು. ಯಾರೂ ಬೇಡ ಎನ್ನಲಿಲ್ಲ. "ಎಲ್ಲಿಗೆ? ಏನು ಕೆಲಸ?" ಎಂದಷ್ಟೇ ಕೇಳಿದರು. ಕೆಲಸವಿಲ್ಲದೆ ಹೋಗುವ ಜಾಗದ ಹೆಸರು ಅವಳಿಗೂ ಹೊಳೆಯಲಿಲ್ಲ. ಆಮೇಲೆ ಮಗಳು ಹುಟ್ಟಿದಳು, ಪಕ್ಕದ ಲಾಡ್ಜ್‌ನ ಬೆಡ್‌ಶೀಟುಗಳ ಗುತ್ತಿಗೆ ಬಂತು, ಕೇಳುವ ಅಭ್ಯಾಸವೇ ತಪ್ಪಿಹೋಯಿತು.

ಒದ್ದೆ ಬೆಡ್‌ಶೀಟಿನ ಭಾರ ಗೊತ್ತಿರುವುದು ಲಾಂಡ್ರಿಯವರಿಗೆ ಮಾತ್ರ. ಒಣಗಿದ್ದಾಗ ಎರಡು ಬೆರಳಲ್ಲಿ ಎತ್ತುವ ಬಟ್ಟೆ, ನೀರು ಕುಡಿಯಿತೆಂದರೆ ಮಲಗಿದ ಎಮ್ಮೆಯ ಹಾಗೆ ಮೇಲೇಳುವುದಿಲ್ಲ. ವಾಷಿಂಗ್ ಮಷೀನಿನ ಬಾಯಿಂದ ಅದನ್ನು ಎಳೆದು, ತಬ್ಬಿ ಎತ್ತಿ, ಡ್ರೈಯರಿಗೆ ತುಂಬುವ ಕೆಲಸ ಅವಳದು. ಹಾಗೆ ಎತ್ತುವಾಗಲೇ ಒಂದು ದಿನ ಸೊಂಟದ ಮೇಲೆ ಏನೋ ಹಿಡಿದುಕೊಂಡು, ಬಗ್ಗಿದವಳು ಬಗ್ಗಿದ ಹಾಗೇ ಉಳಿದಳು. ಡಾಕ್ಟರು ಫಿಸಿಯೋಥೆರಪಿಗೆ ಬರೆದರು. ಬೀದಿಯ ಭಾಷೆಯಲ್ಲಿ ಅದು ಕರೆಂಟ್ ಕೊಡಿಸಿಕೊಳ್ಳುವುದು. ಸಂಜೆ ನಾಲ್ಕಕ್ಕೆ ಗಿರಾಕಿಗಳು ಕಡಿಮೆ ಎಂದು ಆ ಹೊತ್ತನ್ನೇ ಗೊತ್ತು ಮಾಡಿಕೊಂಡರು. ಯಾವುದೋ ಸಂಘದವರು ಪುಕ್ಕಟೆ ನಡೆಸುವ ಕೇಂದ್ರವಾದ್ದರಿಂದ ಮನೆಯಲ್ಲಿ ಲೆಕ್ಕ ಕೇಳುವ ಪ್ರಶ್ನೆಯೂ ಬರಲಿಲ್ಲ.

ನೋವು ತಿಂಗಳೊಪ್ಪತ್ತಿನಲ್ಲೇ ಹೋಯಿತು. ಕರೆಂಟ್ ಕೊಡುವ ಹುಡುಗಿ ಅವಳ ಬೆನ್ನಿನ ಮೇಲೆ ಪಟಪಟ ತಟ್ಟಿ, "ಇನ್ನು ಬರೋದು ಬೇಡ ಆಂಟಿ. ನಿಮ್ಮ ಬೆನ್ನು ನನ್ನ ಬೆನ್ನಿಗಿಂತ ಗಟ್ಟಿಯಾಗಿದೆ" ಎಂದಳು. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ಲಾಂಡ್ರಿಯಮ್ಮನ ಮುಖ ಬಾಡಿತು. ಮನೆಯಲ್ಲಿ ಅವಳನ್ನು ಯಾರೂ ಕಾಯದ ಒಂದು ಗಂಟೆ ಇನ್ನೂ ಕೈಯಲ್ಲಿ ಉಳಿದಿತ್ತು, ನಾಳೆಯಿಂದ ಅದೂ ಇಲ್ಲ.

ಮೆಟ್ಟಿಲಿಳಿದು ಬಂದರೆ ಅದೇ ಕಟ್ಟಡದ ಕೆಳಗಿನ ಆಟದ ಹಾಲ್‌ನ ಬಾಗಿಲು ತೆರೆದಿತ್ತು. ಯಾವುದೋ ಇಲಾಖೆಯ ನೌಕರರು ಆಡಲೆಂದು ಕಟ್ಟಿಸಿದ ಹಾಲ್, ನೌಕರರು ಮಾತ್ರ ಇಲ್ಲ. ನಡುವೆ ಜೋಲು ಬಿದ್ದ ಒಂದು ನೆಟ್. ಕ್ಯಾನ್ವಾಸ್ ಶೂ ತೊಟ್ಟ, ಕೂದಲು ಪೂರ್ತಿ ನರೆತ ಹೆಂಗಸೊಬ್ಬರು ಗೋಡೆಗೆ ಶಟಲ್ ಹೊಡೆಯುತ್ತಿದ್ದರು. ನಿವೃತ್ತರಾದ ಡ್ರಾಯಿಂಗ್ ಟೀಚರಂತೆ, ಆಮೇಲೆ ಗೊತ್ತಾಯಿತು.

"ಆಡ್ತೀರಾ?" ಎಂದರು. "ನನ್ನ ಜೊತೆ ಆಡ್ತಿದ್ದವಳು ಮೊಮ್ಮಗೂನ ನೋಡ್ಕೊಳ್ಳೋಕೆ ಅಂತ ಹೋದವಳು ತಿರುಗಿ ಬರ್ಲೇ ಇಲ್ಲ."

"ನಂಗೆ ಬರಲ್ಲ."

"ಬರದೇ ಇರೋರು ಸಿಕ್ಕಿದ್ರೇನೇ ನಾನು ಗೆಲ್ಲೋದು. ಚಪ್ಪಲಿ ಬಿಟ್ಟು ಬನ್ನಿ."

ಮೊದಲ ಏಟು ಗಾಳಿಗೆ ಹೋಯಿತು, ಎರಡನೆಯದೂ ಗಾಳಿಗೇ. ಮೂರನೆಯದು ತಗುಲಿತು, ಶಟಲ್ ಟಪ್ ಎಂದು ನೆಟ್ ದಾಟಿತು, ಹಾಲ್‌ನಲ್ಲಿ ಯಾರೋ ನಕ್ಕರು. ಯಾರಪ್ಪಾ ಇದು ಎಂದು ತಿರುಗಿ ನೋಡಿದಳು. ನಕ್ಕವಳು ತಾನೇ. ಅವಳಿಗೆ ನಾಚಿಕೆಯಾಯಿತು, ಅದರ ಹತ್ತರಷ್ಟು ಸಂತೋಷವಾಯಿತು. ಇಷ್ಟು ಸಣ್ಣದಕ್ಕೆ ಇಷ್ಟು ಸಂತೋಷವಾಗಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬಂದಾಗ ಗಂಡ ಅಂಗಿಯ ಕಾಲರಿನ ಕಲೆ ಉಜ್ಜುತ್ತ ಕೇಳಿದ, "ಇನ್ನೂ ಎಷ್ಟು ದಿನ ಬರಬೇಕಂತೆ?"

"ಹೇಳೋಕಾಗಲ್ಲವಂತೆ" ಎಂದಳು.

ಇಷ್ಟೇ ಅವಳು ಆಡಿದ ಸುಳ್ಳು. ಆದರೆ ಸುಳ್ಳನ್ನು ಹೆರುವುದು ಸುಲಭ, ಸಾಕುವುದು ಕಷ್ಟ. ಬೆನ್ನುನೋವಿನವಳು ಎದ್ದೇಳುವಾಗ ನರಳಬೇಕು, ಅದನ್ನು ಮರೆಯಬಾರದು. ನಾಲ್ಕಕ್ಕೆ ಹೊರಟಾಗ ಸೊಂಟಕ್ಕೆ ಕೈ ಕೊಟ್ಟು, ಒಂದು ಕಡೆ ವಾಲಿಕೊಂಡು ಬೀದಿಯ ತಿರುವಿನ ತನಕ ಹೋಗಬೇಕು. ತಿರುವು ದಾಟಿದ್ದೇ ತಡ, ನೆಟ್ಟಗಾಗಿ ಸರಸರ ನಡೆಯುತ್ತಿದ್ದಳು. ತಿರುವಿನಲ್ಲಿದ್ದ ಹಾರ್ಡ್‌ವೇರ್ ಅಂಗಡಿಯವನು ಇದನ್ನು ನೋಡಿ ನೋಡಿ, ತನ್ನ ಅಂಗಡಿಯ ಗಾಳಿಯಲ್ಲೇ ಏನೋ ಗುಣವಿದೆ ಎಂದುಕೊಂಡಿದ್ದರೂ ಆಶ್ಚರ್ಯವಿಲ್ಲ. ಬೆವರಿ ಬಂದರೆ ಯಾರೂ ಕೇಳುತ್ತಿರಲಿಲ್ಲ. ಲಾಂಡ್ರಿಯಲ್ಲಿ ಬೆವರದವರು ಯಾರು? ಅತ್ತೆಯಂತೂ ರಾತ್ರಿ ಬಿಸಿನೀರಿನ ಚೀಲ ತಂದು ಸೊಸೆಯ ಬೆನ್ನಿಗಿಟ್ಟು, "ಪಾಪ, ಇಷ್ಟು ದಿನವಾದ್ರೂ ಬಿಡ್ಲಿಲ್ಲವಲ್ಲೇ" ಎಂದು ಗಂಟೆಗಟ್ಟಲೆ ಪಕ್ಕದಲ್ಲಿ ಕೂರುತ್ತಿದ್ದರು. ನೋವಿಲ್ಲದ ಬೆನ್ನು ಆ ಬಿಸಿಗಿಂತ ನಾಚಿಕೆಗೇ ಹೆಚ್ಚು ಸುಡುತ್ತಿತ್ತು. ಆದರೂ ಮರುದಿನ ಮೂರೂವರೆಯಾಯಿತೆಂದರೆ ಅವಳ ಕಣ್ಣು ಗೋಡೆ ಗಡಿಯಾರದ ಮೇಲೆ.

ಬೆನ್ನುನೋವಿನವಳು ಭಾರ ಎತ್ತಬಾರದು. ಇದೇ ಅಸಲು ತೊಡಕು. ಒಂದು ಬೆಳಗ್ಗೆ ಅವಳು ಮೈಮರೆತು ಒದ್ದೆ ಶೀಟಿನ ರಾಶಿಗೆ ಕೈ ಹಾಕಿದಾಗ ಗಂಡ ಓಡಿ ಬಂದು ಕಿತ್ತುಕೊಂಡ. "ಬುದ್ಧಿ ಇದೆಯಾ ನಿಂಗೆ? ಅಷ್ಟು ದಿನ ಕರೆಂಟ್ ಕೊಡಿಸಿಕೊಂಡದ್ದು ನೀರಲ್ಲಿ ಹೋಗ್ಲಿ ಅಂತಾನಾ? ಬಿಡು, ನಾನು ಎತ್ತುತ್ತೀನಿ." ಅಂದಿನಿಂದ ಲಾಡ್ಜ್‌ನ ಶೀಟುಗಳೆಲ್ಲ ಅವನ ಪಾಲಿಗೆ ಬಂದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರೆ. ಇಲ್ಲಿ ಎತ್ತಿಗೆ ಜ್ವರವೂ ಬಂದಿರಲಿಲ್ಲ.

ಹೇಳಿಬಿಡೋಣ ಎಂದು ಅವಳು ಎಷ್ಟೋ ಸಲ ಬಾಯಿ ತೆರೆದಳು. ಹೇಳಿದರೆ ನಾಲ್ಕು ಗಂಟೆ ಹೋಗುತ್ತದೆ. ಅದು ಹೋದರೆ ತನ್ನ ಬಳಿ ಏನು ಉಳಿಯುತ್ತದೆ ಎಂದು ಎಣಿಸಿ ನೋಡುತ್ತಿದ್ದಳು. ಅಂಗಿ, ಪ್ಯಾಂಟು, ಶೀಟು, ಮತ್ತೆ ಅಂಗಿ. ತೆರೆದ ಬಾಯನ್ನು ಮುಚ್ಚಿಕೊಳ್ಳುತ್ತಿದ್ದಳು.

ಚಳಿ ಕಳೆಯುವ ಹೊತ್ತಿಗೆ ಗಂಡ ಸೊಂಟಕ್ಕೆ ಟವೆಲ್ ಬಿಗಿದುಕೊಂಡು ಕೆಲಸ ಮಾಡುವುದು ಅವಳ ಕಣ್ಣಿಗೆ ಬಿತ್ತು. ಶೀಟಿನ ರಾಶಿ ಎತ್ತುವ ಮೊದಲು ಒಂದು ಕೈ ಕಿಬ್ಬೊಟ್ಟೆಗೆ ಒತ್ತಿ ಹಿಡಿಯುತ್ತಿದ್ದ. ಎತ್ತಿ ಮುಗಿದ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದ.

"ಏನಾಯ್ತು ರೀ?"

"ಏನಿಲ್ಲ, ಗ್ಯಾಸು."

ಗ್ಯಾಸಿಗೆ ಯಾರೂ ಟವೆಲ್ ಬಿಗಿಯುವುದಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ತಿಳಿಯದೇ? ತಿಳಿಯಿತು. ತಿಳಿದೂ, "ಜೀರಿಗೆ ನೀರು ಕುಡೀರಿ" ಎಂದು ಸುಮ್ಮನಾದಳು. ಅವನಿಗೆ ನಿಜವಾಗಿ ಕಾಯಿಲೆ ಎಂದಾದರೆ ಇವಳು ಆ ಗಳಿಗೆಯಲ್ಲೇ ಗುಣವಾಗಬೇಕಿತ್ತು. ಒಂದು ಮನೆಯಲ್ಲಿ ಇಬ್ಬರು ಮಲಗಿದರೆ ಶಟರ್ ಎತ್ತುವವರು ಯಾರು? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಹಾಗೆ ಅವಳೂ ಕಣ್ಣು ಮುಚ್ಚಿಕೊಂಡಳು. ಇದನ್ನು ಹೇಗೆ ತಿರುಗಿಸಿ ಹೇಳಿದರೂ ಚೆನ್ನಾಗಿ ಕೇಳಿಸುವುದಿಲ್ಲ, ಅದಕ್ಕೇ ಇದ್ದ ಹಾಗೆ ಹೇಳಿದ್ದು.

ಅದು ನಡೆದ ದಿನ ಅವಳು ಗೆಲ್ಲುತ್ತಿದ್ದಳು. ಅದೇ ಕೇಡಿಗೆ ಬಂತು. ಸೋತು ಸೋತು ಅಭ್ಯಾಸವಾದವಳಿಗೆ ಅಂದು ಏನು ಹೊಡೆದರೂ ನೆಟ್ ದಾಟಿ ಸರಿಯಾದ ಜಾಗಕ್ಕೇ ಬೀಳುತ್ತಿತ್ತು. ಡ್ರಾಯಿಂಗ್ ಟೀಚರು ಸೊಂಟಕ್ಕೆ ಕೈ ಕೊಟ್ಟು ಏದುಸಿರು ಬಿಡುತ್ತ, "ಸಾಕಮ್ಮಾ, ಮುದುಕೀನ ಕೊಲ್ತೀಯಾ?" ಎಂದರೆ, "ಇನ್ನೊಂದೇ ಆಟ ಮೇಡಂ" ಎಂದು ಇವಳೇ ಹಟ ಹಿಡಿದಳು. ಅದಾದ ಮೇಲೆ ಮತ್ತೊಂದು. ಮೂಲೆಯಲ್ಲಿಟ್ಟಿದ್ದ ಚೀಲದೊಳಗೆ ಸದ್ದು ಅಡಗಿಸಿಟ್ಟ ಫೋನು ಒಂದೇ ಸಮನೆ ಮಿನುಗುತ್ತಿತ್ತು. ಆಟ ಮುಗಿಸಿ ನೀರು ಕುಡಿಯಲು ಬಂದಾಗಲೇ ಅದನ್ನು ನೋಡಿದ್ದು. ಎಲ್ಲವೂ ಮಗಳ ಕರೆಗಳು.

ಕಾಲೇಜು ಬೇಗ ಬಿಟ್ಟು ಮನೆಗೆ ಬಂದ ಮಗಳಿಗೆ ಕಂಡದ್ದು ಡ್ರೈಯರಿನ ಮುಂದೆ ಮುದುಡಿ ಬಿದ್ದ ಅಪ್ಪ. ವಾಂತಿ ಮಾಡಿಕೊಂಡಿದ್ದ, ಮಾತಾಡಲು ಆಗುತ್ತಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯವನ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದಿದ್ದರು. ದಾರಿಯುದ್ದಕ್ಕೂ ಮಗಳು ಅಮ್ಮನಿಗೆ ಫೋನ್ ಮಾಡಿದಳು, ಕೊನೆಗೆ ಫಿಸಿಯೋಥೆರಪಿ ಕೇಂದ್ರಕ್ಕೂ ಮಾಡಿದಳು.

ಲಾಂಡ್ರಿಯಮ್ಮ ಆಸ್ಪತ್ರೆಯ ಮೆಟ್ಟಿಲನ್ನು ಎರಡೆರಡಾಗಿ ಓಡಿ ಹತ್ತಿದಳು. ಮೇಲೆ ನಿಂತಿದ್ದ ಮಗಳು ಅದನ್ನು ಪೂರ್ತಿ ನೋಡಿದಳು.

"ಅಪ್ಪ ಎಲ್ಲಿ? ಹೇಗಿದ್ದಾರೆ?"

"ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋಗಿದ್ದಾರೆ. ಹರ್ನಿಯಾ. ಕರುಳು ಸಿಕ್ಕಿಹಾಕ್ಕೊಂಡಿದೆಯಂತೆ." ಮಗಳ ದನಿಯಲ್ಲಿ ಅಳುವೂ ಇತ್ತು, ಇನ್ನೊಂದೂ ಇತ್ತು. "ಚೆನ್ನಾಗಿ ಓಡ್ತೀಯಲ್ಲಮ್ಮ ನೀನು."

ತಾಯಿಯ ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ಕರೆಂಟ್ ಕೊಡೋಳ ಹತ್ರ ಮಾತಾಡ್ದೆ. ನಿಮ್ಮಮ್ಮನಾ, ಅವರು ಬರೋದು ಬಿಟ್ಟು ಯಾವ ಕಾಲ ಆಯ್ತು ಅಂದ್ಲು. ಎಲ್ಲಿಗೆ ಹೋಗ್ತಿದ್ದೆ?"

ಮಗಳು ಏನೇನು ಊಹಿಸಿಕೊಂಡಿದ್ದಾಳೆ ಎಂಬುದು ಅವಳ ಕಣ್ಣಲ್ಲೇ ಕಾಣುತ್ತಿತ್ತು. "ಶಟಲ್ ಆಡೋಕೆ" ಎಂದಳು. ಹೇಳುವಾಗ ಅವಳಿಗೇ ಅದು ಬೇರೆಲ್ಲ ಊಹೆಗಳಿಗಿಂತ ಕೀಳಾಗಿ ಕೇಳಿಸಿತು.

"ಆಟ ಆಡೋಕೆ. ಅಪ್ಪನ ಕೈಲಿ ಅಷ್ಟು ಭಾರ ಹೊರಿಸಿ." ಮುಖ ಒರೆಸಿಕೊಂಡಳು. "ಅಪ್ಪ ಹುಷಾರಾಗ್ಲಿ. ಆಮೇಲೆ ನೀನೇ ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ."

ಆಪರೇಷನ್ ಮುಗಿಸಿ ಬಂದ ಸರ್ಜನ್ನರು ಅಪಾಯವೇನೂ ಇಲ್ಲ ಎಂದ ಮೇಲೆ ಕೇಳಿದರು, "ಇದು ಹಳೇದು. ಮೊದಲೇ ತಂದು ತೋರಿಸಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲ. ಭಾರ ಎತ್ತೋ ಕೆಲ್ಸ ಏನಾದ್ರೂ ಮಾಡ್ತಾರಾ?" ತಾಯಿ ಮಗಳು ಇಬ್ಬರೂ ನೆಲ ನೋಡಿದರು. ಉತ್ತರ ಕೊಟ್ಟದ್ದು ಪಕ್ಕದ ಬೆಂಚಿನಲ್ಲಿದ್ದ ಅತ್ತೆ. "ಏನ್ ಮಾಡೋದು ಡಾಕ್ಟ್ರೇ, ಸೊಸೆಗೆ ಬೆನ್ನುನೋವು. ಎಲ್ಲಾ ಅವನೇ ಎತ್ತುತ್ತಿದ್ದ."

ಎರಡು ದಿನ ಕಳೆದು ಅವನಿಗೆ ಮಾತಾಡುವಷ್ಟು ತ್ರಾಣ ಬಂತು. ಮಧ್ಯಾಹ್ನದ ಹೊತ್ತು. ಮಂಚ ಕಿಟಕಿಯ ಪಕ್ಕದಲ್ಲಿತ್ತು. ಮಗಳು ಅಜ್ಜಿಯನ್ನು ಕರೆದುಕೊಂಡು ಕೆಳಗೆ ಹೋದಳು, ಹೋಗುವಾಗ ತಾಯಿಯ ಕಡೆ ಒಂದು ನೋಟ ಬಿಟ್ಟು ಹೋದಳು. ಲಾಂಡ್ರಿಯಮ್ಮ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಗಂಡ ಕಿಟಕಿಯಾಚೆ ನೋಡುತ್ತಿದ್ದ. ನೋಡುವಂಥದ್ದೇನೂ ಅಲ್ಲಿರಲಿಲ್ಲ. ಒಂದು ನೀರಿನ ಟ್ಯಾಂಕು, ಅದರ ಮೇಲೆ ಆಕಾಶ.

"ರೀ, ನಿಮಗೊಂದು ಮಾತು ಹೇಳ್ಬೇಕು."

"ಮೊದಲು ನಂದು ಕೇಳು" ಎಂದ ಅವನು. "ನೀನು ಬೈಬಾರ್ದು."

"ನಾನ್ಯಾಕೆ ಬೈಲಿ?"

"ಈ ಗಂಟು ಇರೋದು ನಂಗೆ ಯಾವಾಗ್ಲೋ ಗೊತ್ತಿತ್ತು. ಗ್ಯಾಸು ಅಂತ ಸುಳ್ಳು ಹೇಳ್ದೆ." ಅವನ ಕಣ್ಣು ಇನ್ನೂ ಟ್ಯಾಂಕಿನ ಮೇಲೇ ಇತ್ತು. "ಮೊದಲು ನಿಂಬೆಹಣ್ಣಿನಷ್ಟಿತ್ತು. ಮಲಗಿದ್ರೆ ಒಳಗೆ ಹೋಗ್ತಿತ್ತು. ಅಷ್ಟಕ್ಕೆಲ್ಲ ಡಾಕ್ಟ್ರ ಹತ್ರ ಹೋದ್ರೆ ಹೊಲಿಗೆ ಹಾಕಿ ಕಳಿಸಿಬಿಡ್ತಾರೆ. ಮತ್ತೆ ಅಂಗಡಿ. ಸ್ವಲ್ಪ ದೊಡ್ಡದಾಗ್ಲಿ ಅಂತ ಬಿಟ್ಟೆ."

"ದೊಡ್ಡದಾಗ್ಲಿ ಅಂತಾನಾ?"

"ದೊಡ್ಡದಾದ್ರೆ ಡಾಕ್ಟ್ರೇ ಹೇಳ್ತಾರಲ್ಲ, ತಿಂಗಳುಗಟ್ಟಲೆ ಏಳೋಹಾಗಿಲ್ಲ ಅಂತ. ಡಾಕ್ಟ್ರು ಹೇಳಿದ್ಮೇಲೆ ಯಾರೂ ಏನೂ ಅನ್ನೋಹಾಗಿಲ್ಲ. ಅಮ್ಮನೂ ಅನ್ನಲ್ಲ." ಅವನು ತುಟಿ ನೆಕ್ಕಿಕೊಂಡ. "ನೀನು ದಿನಾ ನಾಲ್ಕು ಗಂಟೆಗೆ ಹೊರಡ್ತಿದ್ಯಲ್ಲ, ಆವಾಗ ನಂಗೆ ಹೊಟ್ಟೆ ಉರೀತಿತ್ತು ಕಣೇ. ನೋವಲ್ಲಿ ನರಳೋ ಹೆಂಡ್ತಿ ಮೇಲೆ ಹೊಟ್ಟೆಕಿಚ್ಚು. ಎಂಥಾ ಮನುಷ್ಯ ನಾನು ಅಂತ ನಂಗೇ ಅನ್ನಿಸ್ತಿತ್ತು. ಆದ್ರೂ ಉರೀತಿತ್ತು."

ಅವಳಿಗೆ ಆ ಸ್ಟೂಲಿನ ಮೇಲೆ ಕೂರಲು ಆಗಲಿಲ್ಲ, ಏಳಲೂ ಆಗಲಿಲ್ಲ. ಬರುವಾಗ ಮಾತನ್ನು ಹೇಗೆ ಶುರು ಮಾಡಬೇಕು, ಎಲ್ಲಿ ಅಳಬೇಕು ಎಂದೆಲ್ಲ ಜೋಡಿಸಿಕೊಂಡು ಬಂದಿದ್ದಳು. ಎಲ್ಲ ಕೈಬಿಟ್ಟು ಹೋಯಿತು.

"ನಂಗೆ ಬೆನ್ನುನೋವಿಲ್ಲ" ಎಂದಳು.

ಅವನು ಈಗ ತಿರುಗಿದ. "ಯಾವಾಗಿಂದ?"

"ಆ ಮೊದಲ ತಿಂಗಳಿಂದ್ಲೇ."

"ಮತ್ತೆ ದಿನಾ ಎಲ್ಲಿಗೆ ಹೋಗ್ತಿದ್ದೆ?"

"ಅಲ್ಲೇ, ಕೆಳಗಿನ ಹಾಲ್‌ಗೆ. ಶಟಲ್ ಆಡೋಕೆ. ಒಬ್ರು ಟೀಚರ್ ಇದ್ದಾರೆ, ವಯಸ್ಸಾದೋರು."

"ಶಟಲ್" ಎಂದ, ಹೊಸ ಮಾತ್ರೆಯ ಹೆಸರನ್ನು ಹೇಳಿ ನೋಡುವವನ ಹಾಗೆ. ಆಮೇಲೆ ಕೇಳಿದ, "ಗೆಲ್ತಿದ್ಯಾ?"

"ಹೆಚ್ಚಾಗಿ ಸೋಲ್ತಿದ್ದೆ."

"ಸೋತ್ರೂ ಹೋಗ್ತಿದ್ದೆ."

"ಹೂಂ."

ಅವನ ಕತ್ತಿನ ನರ ಎದ್ದು ನಿಂತಿತು. ಬೈಯಲಿ ಎಂದು ಅವಳು ಕಾದಳು. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. "ಆ ಶೀಟೆಲ್ಲ ನಾನು ಎತ್ತಿದ್ದು..." ಎಂದು ಶುರುಮಾಡಿದವನು ಹೊಲಿಗೆ ಎಳೆದ ನೋವಿಗೆ ನಿಲ್ಲಿಸಿದ. ಉಸಿರು ಸರಿ ಮಾಡಿಕೊಂಡು, ದನಿ ಇಳಿಸಿ ಹೇಳಿದ, "ನನ್ನ ಕೇಳ್ಬಹುದಿತ್ತಲ್ಲ. ಒಂದು ಗಂಟೆ ಆಡ್ಕೊಂಡು ಬರ್ತೀನಿ ಅಂತ."

"ಕೇಳಿದ್ರೆ ಬಿಡ್ತಿದ್ರಾ?"

ಈ ಮನುಷ್ಯನಲ್ಲಿ ನೂರು ಕೊರತೆಗಳಿದ್ದವು, ಆದರೆ ಬಾಯಿಮಾತಿಗೆ ಹೂಂ ಅನ್ನುವವನಲ್ಲ. ಕಣ್ಣು ಕಿರಿದು ಮಾಡಿ ನಿಜವಾಗಿಯೂ ಯೋಚಿಸಿದ. ಗಿರಾಕಿ ತಂದ ಬಟ್ಟೆಯ ಕಲೆ ಹೋಗುತ್ತದೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುವಾಗಿನ ಮುಖವೇ ಅದು.

"ಇಲ್ಲ" ಎಂದ. "ಬಿಡ್ತಿರ್ಲಿಲ್ಲ."

ಅವಳು ತಲೆಯಾಡಿಸಿದಳು.

"ನೀನು ಕೇಳೋಕೆ ನಾನಾದ್ರೂ ಇದ್ದೆ" ಎಂದ ಅವನು. "ನಾನು ಯಾರನ್ನ ಕೇಳ್ಲಿ?"

ಮಗನಿಗೆ ರಜೆ ಕೊಡದ ಮಾವ ಹೋಗಿ ಎಷ್ಟೋ ಕಾಲವಾಗಿತ್ತು. ಕೊಡಬೇಕಾದವನೂ ಬೇಡಬೇಕಾದವನೂ ಈ ಒಬ್ಬನೇ ಆಗಿ ಆ ಅಂಗಡಿಯಲ್ಲಿ ಉಳಿದುಬಿಟ್ಟಿದ್ದ. ಅವನ ಮೇಲೆ ಅವಳಿಗೆ ತಡೆಯಲಾರದಷ್ಟು ಮರುಕ ಬಂತು, ಸಿಟ್ಟೂ ಬಂತು. ತನ್ನ ಮೇಲೂ ಅಷ್ಟೇ.

"ನಾಳೆ ನಾಲ್ಕು ಗಂಟೆಗೆ..." ಎಂದು ಅವನು ನಿಲ್ಲಿಸಿದ.

ಅವನ ತುಟಿ ಒಂದೆರಡು ಸಲ ಅಲುಗಿತು. ಹೇಳಬೇಕೆಂದಿದ್ದ ಮಾತು ಬೇರೆಯದೇ ಎಂದು ಅವಳು ಆಣೆ ಮಾಡಿ ಹೇಳಬಲ್ಲಳು. ಆ ಬಾಯಿಗೆ ಅದರ ರೂಢಿ ಇರಲಿಲ್ಲ.

"...ಲಾಡ್ಜ್‌ನೋರು ಬರ್ತಾರೆ. ಶೀಟು ರೆಡಿ ಇರ್ಬೇಕು."

ಹೇಳಿದ ಮೇಲೆ ಅದು ಅವನಿಗೇ ಕೇಳಿಸಿತು. ಮುಖವನ್ನು ಗೋಡೆಗೆ ತಿರುಗಿಸಿ ಕಣ್ಣು ಮುಚ್ಚಿಕೊಂಡ. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅವನು ಅತ್ತದ್ದನ್ನು ಅವಳು ಮಾವ ಹೋದಾಗಲೂ ಕಂಡಿರಲಿಲ್ಲ.

ಅವಳು ಸೆರಗಿನ ತುದಿಯಿಂದ ಅದನ್ನು ಒರೆಸಿದಳು. "ನಾಡಿದ್ದು ಬನ್ನಿ ಅಂತೀನಿ" ಎಂದಳು. ಆ ಅಂಗಡಿಯಲ್ಲಿ ಯಾರೂ ಯಾವ ಗಿರಾಕಿಗೂ ಆಡಿರದ ಮಾತು ಅದು.

ಅವನು ಕಣ್ಣು ಬಿಟ್ಟ. ಸರಿ ಎನ್ನಲಿಲ್ಲ, ಬೇಡವೂ ಎನ್ನಲಿಲ್ಲ. ಇಬ್ಬರೂ ಒಟ್ಟಿಗೇ ಬಾಗಿಲ ಕಡೆ ನೋಡಿದರು, ಯಾರೋ ಬಂದು ಗದರಿಸುತ್ತಾರೆ ಎಂಬಂತೆ. ಯಾರೂ ಬರಲಿಲ್ಲ.